ತಣ್ಣೀರಿನ ಸ್ಕ್ವಿಡ್, ಬಿಸಿರಕ್ತದ ಕರಡಿ

ಎಲ್ಲರಿಗೂ ನಮಸ್ಕಾರ.

ನಾನಿವತ್ತು ಮಾತಾಡಲಿರುವ ಎರಡು ಪ್ರಾಣಿಗಳು ಎಂದೂ ಎದುರುಬದುರಾಗುವುದಿಲ್ಲ. ಹಿಮಕರಡಿ ಇರುವುದು ಆರ್ಕ್ಟಿಕ್‌ನಲ್ಲಿ. ಆಕ್ಟೋಪಸ್ ಬಳಗಕ್ಕೆ ಸೇರಿದ ದೈತ್ಯ ಪ್ರಾಣಿ ಕಲೋಸಲ್ ಸ್ಕ್ವಿಡ್ ಇರುವುದು ಅಂಟಾರ್ಕ್ಟಿಕಾದ ಸುತ್ತಲಿನ ಆಳಗಡಲಲ್ಲಿ. ಆದರೂ ತೂಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. 2007ರಲ್ಲಿ ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ ಮೀನುಗಾರರಿಗೆ ಸಿಕ್ಕ ಸ್ಕ್ವಿಡ್ 495 ಕಿಲೋ ಇತ್ತು. ಚೆನ್ನಾಗಿ ಬೆಳೆದ ಗಂಡು ಕರಡಿಯೂ ಅಷ್ಟು ತೂಗುತ್ತದೆ. ಎರಡೂ ಬೇಟೆಯಾಡಿಯೇ ಬದುಕುವಂಥವು.

ಆ ಸ್ಕ್ವಿಡ್ ಈಗ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನ ಟೆ ಪಾಪಾ ಮ್ಯೂಸಿಯಂನಲ್ಲಿದೆ. ಅದರ ಕಣ್ಣಿನ ಅಗಲವೇ ಸುಮಾರು 27 ಸೆಂಟಿಮೀಟರ್. ಎಂಟು ತೋಳುಗಳ ಮೇಲೆ ಚೂಪಾದ ಕೊಕ್ಕೆಗಳು. ಉದ್ದನೆಯ ಎರಡು ಗ್ರಹಣಾಂಗಗಳ ತುದಿಯ ಕೊಕ್ಕೆಗಳಂತೂ ನಿಂತಲ್ಲೇ ಸುತ್ತ ತಿರುಗಬಲ್ಲವು. ಇದನ್ನು ಕಂಡವರು ಕಡಲ ರಾಕ್ಷಸ ಎಂದುಬಿಡುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. 2010ರಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜಿನ ಪ್ರಕಾರ, 500 ಕಿಲೋ ತೂಕದ ಈ ಸ್ಕ್ವಿಡ್‌ಗೆ ದಿನಕ್ಕೆ ಬೇಕಾಗುವುದು ಸುಮಾರು 30 ಗ್ರಾಂ ಆಹಾರ. ಐದು ಕಿಲೋದ ಒಂದು ಮೀನು ಸಿಕ್ಕರೆ ಐದು ತಿಂಗಳು ದಾಟುತ್ತದೆ! ಅಟ್ಟಿಸಿಕೊಂಡು ಹೋಗಿ ಹಿಡಿಯುವ ಪ್ರಾಣಿಯ ಲೆಕ್ಕವಲ್ಲ ಇದು. ಕತ್ತಲಲ್ಲಿ ತೇಲುತ್ತಾ, ಹತ್ತಿರ ಬಂದದ್ದನ್ನು ಹಿಡಿಯುವ ಪ್ರಾಣಿಯ ಲೆಕ್ಕ. ಅದರ ಮೈ ಸುತ್ತಲಿನ ನೀರಿನಷ್ಟೇ ತಣ್ಣಗಿರುತ್ತದೆ, ಮೈ ಬೆಚ್ಚಗಿಡುವ ಖರ್ಚೇ ಇಲ್ಲ. ಅಂಗಾಂಶದಲ್ಲಿ ತುಂಬಿಕೊಂಡ ಅಮೋನಿಯಂ ಕ್ಲೋರೈಡ್ ದ್ರಾವಣ ಕಡಲ ನೀರಿಗಿಂತ ಹಗುರ, ಹಾಗಾಗಿ ಮುಳುಗದಿರಲು ಈಜುತ್ತಲೇ ಇರಬೇಕಾಗಿಲ್ಲ.

ಕಾಯುವುದರಲ್ಲಿ ಹಿಮಕರಡಿಯೂ ಕಡಿಮೆಯಿಲ್ಲ. ಸೀಲ್ ಉಸಿರಾಡಲು ಮಂಜುಗಡ್ಡೆಯಲ್ಲಿ ಮಾಡಿಕೊಂಡ ರಂಧ್ರದ ಪಕ್ಕ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತದೆ. ಆದರೆ ಸುಮ್ಮನೆ ಕೂತರೂ ಅದರ ಒಳಗಿನ ಒಲೆ ಉರಿಯುತ್ತಲೇ ಇರಬೇಕು, ಮೈ ಸುಮಾರು 37 ಡಿಗ್ರಿಯಲ್ಲೇ ನಿಲ್ಲಬೇಕು. ಆರ್ಕ್ಟಿಕ್‌ನ ಬ್ಯೂಫೋರ್ಟ್ ಸಮುದ್ರದ ಹೆಣ್ಣು ಕರಡಿಗಳಿಗೆ ಕ್ಯಾಮೆರಾ ಇರುವ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವು ದಿನಕ್ಕೆ 12 ಸಾವಿರಕ್ಕೂ ಹೆಚ್ಚು ಕಿಲೋಕ್ಯಾಲೊರಿ ಸುಡುತ್ತಿದ್ದವು, ಹಿಂದೆ ಅಂದುಕೊಂಡಿದ್ದಕ್ಕಿಂತ 1.6 ಪಟ್ಟು ಹೆಚ್ಚು. ಹತ್ತು-ಹನ್ನೆರಡು ದಿನಕ್ಕೊಂದು ದೊಡ್ಡ ಸೀಲ್ ಸಿಗದಿದ್ದರೆ ಮೈ ಇಳಿಯಲೇಬೇಕು.

ಸ್ಕ್ವಿಡ್ ಬಗ್ಗೆ ನಮಗೆ ಇಂಥ ನೇರ ಅಳತೆ ಸಿಕ್ಕಿಲ್ಲ. 1925ರಲ್ಲಿ ಅದಕ್ಕೆ ಹೆಸರಿಟ್ಟದ್ದೇ ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ತೋಳುಗಳನ್ನು ನೋಡಿ. ಅದರ ನೆಲೆಯಲ್ಲೇ ಜೀವಂತವಾಗಿ ಮೊದಲು ವಿಡಿಯೊದಲ್ಲಿ ಸೆರೆಹಿಡಿದದ್ದು 2025ರ ಮಾರ್ಚ್‌ನಲ್ಲಿ, ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ ಬಳಿ, 600 ಮೀಟರ್ ಆಳದಲ್ಲಿ. ಅದೂ ಕೇವಲ 30 ಸೆಂಟಿಮೀಟರ್ ಉದ್ದದ ಮರಿ, ಗಾಜಿನಂತೆ ಪಾರದರ್ಶಕ.

ಹಿಮಕರಡಿಯ ಸಂಕಟಕ್ಕೆ ಕಾರಣ ಅದರ ದಿನದ ಖರ್ಚಿನ ಲೆಕ್ಕದಲ್ಲೇ ಇದೆ. ಮಂಜುಗಡ್ಡೆ ಬೇಗ ಕರಗಿದಷ್ಟೂ ಅದು ದಡದಲ್ಲಿ ಕಳೆಯುವ ದಿನಗಳು ಹೆಚ್ಚು. 2024ರಲ್ಲಿ ಪ್ರಕಟವಾದ, ಕೆನಡಾದ ಪಶ್ಚಿಮ ಹಡ್ಸನ್ ಕೊಲ್ಲಿಯ ಅಧ್ಯಯನದಲ್ಲಿ, ದಡದಲ್ಲಿದ್ದ 20 ಕರಡಿಗಳಲ್ಲಿ ಕೆಲವು ಹಣ್ಣು, ಹುಲ್ಲು ತಿಂದವು, ಕೆಲವು ದೂರ ಈಜಿದವು, ಕೆಲವು ಮಲಗಿಯೇ ಇದ್ದವು. 19 ಕರಡಿಗಳ ತೂಕ ಇಳಿಯಿತು, ದಿನಕ್ಕೆ ಸರಾಸರಿ ಒಂದು ಕಿಲೋದಷ್ಟು.