ಸ್ಟೇಡಿಯಂ ತುಂಬತ್ತೆ, ಇನ್ನೂರು ಜನದ ರೂಮ್ ಮುಚ್ಚತ್ತೆ

ನಮಸ್ಕಾರ. ಇವತ್ತು ಹಾಡಿನ ಬಗ್ಗೆ ಅಲ್ಲ, ಹಾಡೋ ಜಾಗದ ಬಗ್ಗೆ ಮಾತಾಡೋಣ ಅಂತ. 2025ರ ಫೆಬ್ರವರೀಲಿ ಇಂಗ್ಲೆಂಡಿನ ಹಾಡುಗಾರ ಎಡ್ ಶೀರನ್ ಬೆಂಗ್ಳೂರಿಗೆ ಬಂದಿದ್ದು ನೆನಪಿದೆ ತಾನೆ, ಎರಡು ದಿನ ಶೋ, ಎರಡನೇ ದಿನ ಬೆಳಿಗ್ಗೆ ಚರ್ಚ್ ಸ್ಟ್ರೀಟಲ್ಲಿ ಮೈಕ್ ಇಟ್ಕೊಂಡು ಹಾಡೋಕೆ ನಿಂತ್ರೆ ಪೊಲೀಸ್ನೋರು ಬಂದು ವೈರ್ ಕಿತ್ತಾಕಿದ್ರು. ರೀಲ್ಸ್ ನೋಡಿ ಎಲ್ರೂ ನಕ್ಕಿದ್ದೇ ನಕ್ಕಿದ್ದು. ಆತ ಸಂಜೆ ಹೋಗಿ ಸಾವಿರಾರು ಜನದ ಮುಂದೆ ಹಾಡ್ದ, ಅವನಿಗೇನೂ ನಷ್ಟ ಇಲ್ಲ. ಇದೇ ಊರಲ್ಲಿ ನೂರೈವತ್ತು, ಇನ್ನೂರು ಜನ ಹಿಡಿಯೋ ಜಾಗ ಇಟ್ಕೊಂಡು ವಾರ ವಾರ ಬ್ಯಾಂಡ್ ಕರ್ಸೋರು ಇದಾರಲ್ಲ, ಅವ್ರ ವೈರ್ ಕೀಳೋರು ಮಾತ್ರ ಬೇರೆ ಬೇರೆ ವೇಷದಲ್ಲಿ ಬರ್ತಾನೇ ಇರ್ತಾರೆ, ಒಂದ್ಸಲ ಲೈಸೆನ್ಸು, ಒಂದ್ಸಲ ಬಿಲ್ಡಿಂಗ್ ಓನರ್ರು, ಈಗೀಗ ಆ್ಯಪು.

ಇಂದಿರಾನಗರದ ಹಮ್ಮಿಂಗ್ ಟ್ರೀಗೆ ಹೋಗಿದ್ದೋರು ನಿಮ್ಮಲ್ಲಿ ತುಂಬ ಜನ ಇರ್ತೀರ. 2013ರಲ್ಲಿ ಶುರು ಆಯ್ತು, 2019ರಲ್ಲಿ ಬಾಗಿಲು ಹಾಕ್ತು. ಮುಂಬೈದು ಬ್ಲೂ ಫ್ರಾಗ್, 2007ರಲ್ಲಿ ಶುರು, 2016ರಲ್ಲಿ ಬಂದ್. ಇವೇನು ಜನ ಬರ್ದೇ ನೊಣ ಹೊಡೀತಿದ್ದ ಜಾಗಗಳಲ್ಲ, ದೇಶದಲ್ಲಿ ಇಂಡಿ ಮ್ಯೂಸಿಕ್ (ಸಿನಿಮಾ, ದೊಡ್ಡ ಕಂಪನಿಗಳ ಹಂಗಿಲ್ಲದೆ ಸ್ವಂತವಾಗಿ ಮಾಡೋ ಸಂಗೀತ) ಕೇಳೋರಿಗೆಲ್ಲ ಗೊತ್ತಿದ್ದ ಹೆಸರುಗಳು. ಹೆಸರಿದ್ದೂ ಯಾಕೆ ಉಳಿಯಲ್ಲ? ಒಂದು ರಾತ್ರಿಯ ಲೆಕ್ಕ ಹಾಕಿ ನೋಡೋಣ ಬನ್ನಿ.

ಟಿಕೆಟ್ 499 ಅಂತಿಟ್ಕೊಳ್ಳಿ. ಯಾಕೆ ಯಾವಾಗ್ಲೂ 499 ಅಂದ್ರೆ, 500 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ, ಅದು ದಾಟಿದ್ರೆ 18 ಪರ್ಸೆಂಟ್. 120 ಜನ ಬಂದ್ರು ಅನ್ನಿ, ಮಳೆ ಬರ್ಲಿಲ್ಲ, ಅವತ್ತು ಆರ್‌ಸಿಬಿ ಮ್ಯಾಚೂ ಇರ್ಲಿಲ್ಲ. 60,000ಕ್ಕೆ 120 ರೂಪಾಯಿ ಕಮ್ಮಿ ಬಂತು. ಅದ್ರಲ್ಲಿ ಟಿಕೆಟ್ ಆ್ಯಪ್‌ನೋರ ಕಮಿಷನ್, ಐದು ಜನದ ಬ್ಯಾಂಡಿಗೆ ದುಡ್ಡು, ಸೌಂಡ್ ಇಂಜಿನಿಯರ್, ಬಾಡಿಗೆಗೆ ತಂದ ಡ್ರಮ್ ಕಿಟ್ಟು ಆ್ಯಂಪು, ಬೇರೆಯೋರ ಹಾಡು ಹಾಡಿದ್ರೆ ಹಾಡು ಬರ್ದೋರ ಪರ ದುಡ್ಡು ಎತ್ತೋ ಐಪಿಆರ್‌ಎಸ್ ಫೀಸು, ಮಧ್ಯೆ ರೆಕಾರ್ಡೆಡ್ ಹಾಡು ಹಾಕಿದ್ರೆ ಅದಕ್ಕೆ ಮ್ಯೂಸಿಕ್ ಕಂಪನಿಗಳ ಪರ ದುಡ್ಡು ಎತ್ತೋ ಪಿಪಿಎಲ್ ಫೀಸು (ಹಾಡು ಮಾಡ್ದೋರಿಗೆ ದುಡ್ಡು ಹೋಗ್ಲೇಬೇಕು, ಅದ್ರಲ್ಲಿ ನನ್ನ ತಕರಾರಿಲ್ಲ), ಇದೆಲ್ಲಾ ಕಳೆದು ಹಂಡ್ರೆಡ್ ಫೀಟ್ ರೋಡ್ ಕಡೆ ಬಾಡಿಗೆ ಕಟ್ಟೋಕೆ ಏನು ಉಳಿಯತ್ತೆ ನೀವೇ ಹೇಳಿ. ಉಳ್ಸೋದು ಬಿಯರು. ನಮ್ಮಲ್ಲಿ ಮ್ಯೂಸಿಕ್ ವೆನ್ಯೂ ಅಂತ ನಾವು ಕರೆಯೋದ್ರಲ್ಲಿ ಹೆಚ್ಚಿನವು ಲೆಕ್ಕದ ಪುಸ್ತಕದಲ್ಲಿ ಬಾರು, ಸ್ಟೇಜು ಅದರ ಮೂಲೇಲಿ ಇರೋ ಒಂದು ಹುಚ್ಚು ಅಷ್ಟೆ.

ಬಾರು ಅಂದ ಮೇಲೆ ಏನಾಗತ್ತೆ ನೋಡಿ, 21 ಆಗದಿದ್ರೆ ಒಳಗೆ ಬಿಡಲ್ಲ. ಕಾಲೇಜಲ್ಲಿ ಸೆಕೆಂಡ್ ಇಯರ್ ಓದೋ ಹುಡ್ಗ ಹುಡ್ಗಿ, ಅಂದ್ರೆ ಯಾವ ವಯಸ್ಸಲ್ಲಿ ಒಂದು ಬ್ಯಾಂಡ್ ತಲೆಗೆ ಹತ್ತಿ ಬಿಟ್ರೆ ಜೀವನಪೂರ್ತಿ ಇಳಿಯಲ್ವೋ ಆ ವಯಸ್ಸಿನೋರೇ ಬಾಗಿಲ ಹೊರಗೆ. ಬ್ಯಾಂಡಲ್ಲಿ ಬಾರ್ಸೋ ಹುಡುಗನ ತಮ್ಮನೇ ಅಣ್ಣನ ಶೋ ನೋಡಂಗಿಲ್ಲ. ಇನ್ನು ಕನ್ನಡದಲ್ಲಿ ಸ್ವಂತ ಹಾಡು ಬರ್ಕೊಂಡು ಬರೋ ಹೊಸ ಬ್ಯಾಂಡಿಗೆ ಶುಕ್ರವಾರ, ಶನಿವಾರ ಸಿಗೋದು ಕಷ್ಟ, ಆ ದಿನ ಬಿಯರ್ ಓಡ್ಬೇಕಲ್ಲ, ಬಾಲಿವುಡ್ ನೈಟ್ ಇರತ್ತೆ, ನಿಮಗೆ ಬುಧವಾರ ಕೊಡ್ತಾರೆ.

ಆಮೇಲೆ ಲೈಸೆನ್ಸ್ ಕಥೆ. 2005ರಲ್ಲಿ ಬೆಂಗ್ಳೂರು ಪೊಲೀಸ್ ಕಮಿಷನರ್ ಕಡೆಯಿಂದ ಒಂದು ಆದೇಶ ಬಂತು, ಕ್ಯಾಬರೆ, ಡಿಸ್ಕೋಥೆಕ್, ಲೈವ್ ಬ್ಯಾಂಡ್ ಎಲ್ಲಾ ಒಂದೇ ಸಾಲಲ್ಲಿಟ್ಟು, ನಡೆಸ್ಬೇಕಂದ್ರೆ ಲೈಸೆನ್ಸ್ ತಗೊಳ್ಳಿ ಅಂತ. ಅದರ ಮೇಲೆ ವರ್ಷಾನುಗಟ್ಟಲೆ ಕೇಸ್ ನಡೀತು, 2018ರ ಜನವರೀಲಿ ಸುಪ್ರೀಂ ಕೋರ್ಟ್ ಆದೇಶ ಸರಿ ಇದೆ ಅಂತು. ಅಲ್ಲಿಂದ ಪಬ್ಬು ರೆಸ್ಟೋರೆಂಟುಗಳಿಗೆ ನೋಟಿಸ್ ಶುರು. ಲೈಸೆನ್ಸ್ ತಗೊಳ್ಳೋದೇನೋ ಸರಿ ಕಣ್ರಿ, ಬೆಂಕಿ ಬಿದ್ರೆ ಜನ ಹೊರಗೆ ಬರೋಕೆ ದಾರಿ ಇರ್ಲೇಬೇಕು, ಆದ್ರೆ ಆಕ್ಯುಪೆನ್ಸಿ ಸರ್ಟಿಫಿಕೇಟ್ (ಓಸಿ, ಬಿಲ್ಡಿಂಗ್ ಪ್ಲಾನ್ ಪ್ರಕಾರ ಕಟ್ಟಿದೆ, ಬಳಸ್ಬೋದು ಅನ್ನೋ ಪತ್ರ) ತನ್ನಿ ಅಂದ್ರೆ ಎಲ್ಲಿಂದ ತರೋದು, ಈ ಊರಲ್ಲಿ ಎಷ್ಟು ಬಿಲ್ಡಿಂಗಿಗೆ ಓಸಿ ಇದೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ತಪ್ಪು ಮಾಡಿದ್ದು ಬಿಲ್ಡಿಂಗ್ ಕಟ್ಟಿದೋನು, ಶೋ ನಿಲ್ಸೋದು ಬಾಡಿಗೆಗಿರೋನು. ಡ್ಯಾನ್ಸ್ ಬಾರ್ ಹಿಡಿಯೋಕೆ ಬೀಸಿದ ಬಲೇಲಿ ಜಾಝ್ ಬಾರ್ಸೋ ಮೂರು ಜನ ಸಿಕ್ಕಾಕೊಂಡ್ರು.

ಈಗ ದೊಡ್ಡೋರ ಕಡೆ ಬರೋಣ. ಅಮೆರಿಕದಲ್ಲಿ ತೊಂಬತ್ತರ ದಶಕದವರೆಗೂ ಒಂದೊಂದು ಊರಿಗೆ ಶೋ ಏರ್ಪಾಡು ಮಾಡೋ ಒಬ್ಬೊಬ್ಬ ಪ್ರಮೋಟರ್ ಇದ್ದ, ಅವ್ನ ಊರು ಅವ್ನಿಗೆ. ಎಸ್‌ಎಫ್‌ಎಕ್ಸ್ ಅನ್ನೋ ಕಂಪನಿ ಬಂದು ಇವ್ರನ್ನೆಲ್ಲಾ ಸಾಲಾಗಿ ಕೊಂಡ್ಕೊಂಡ್ತು, 2000ದಲ್ಲಿ ಅದನ್ನ ಕ್ಲಿಯರ್ ಚಾನೆಲ್ ಅನ್ನೋ ರೇಡಿಯೋ ಕಂಪನಿ ತಗೊಂಡ್ತು, 2005ರಲ್ಲಿ ಆ ಶೋ ವಿಭಾಗನೇ ಬೇರೆ ಕಂಪನಿಯಾಗಿ ಹೊರಗೆ ಬಂದು ಲೈವ್ ನೇಷನ್ ಆಯ್ತು, 2010ರಲ್ಲಿ ಟಿಕೆಟ್ ಮಾರೋ ಟಿಕೆಟ್‌ಮಾಸ್ಟರ್ ಜೊತೆ ಸೇರ್ಕೊಂಡ್ತು. ಶೋ ಮಾಡೋರು, ಟಿಕೆಟ್ ಮಾರೋರು, ಜಾಗದ ಯಜಮಾನರು, ಆರ್ಟಿಸ್ಟ್ ಮ್ಯಾನೇಜರು, ಎಲ್ಲಾ ಒಂದೇ ಮನೆಯೋರು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಇವ್ರ ಮೇಲೆ ಕೇಸ್ ಹಾಕಿದಾಗ, ದೊಡ್ಡ ಕಾನ್ಸರ್ಟ್ ಜಾಗಗಳ ಟಿಕೆಟ್ ವ್ಯವಹಾರದಲ್ಲಿ ಕಮ್ಮಿ ಅಂದ್ರೂ 80 ಪರ್ಸೆಂಟ್ ಇವ್ರ ಕೈಲಿದೆ ಅಂತ ದೂರಲ್ಲಿ ಬರೆದಿತ್ತು. ಕಂಪನಿ ನಾವು ಹಂಗೇನಿಲ್ಲ ಅಂತು, ಅದು ಬಿಡಿ.

ಇದ್ರಿಂದ ಸಣ್ಣೋನಿಗೆ ಏನ್ ಏಟು ಅಂದ್ರೆ ಇಲ್ಲಿದೆ ವಿಷ್ಯ. ದೊಡ್ಡ ಕಂಪನಿ ಆರ್ಟಿಸ್ಟಿಗೆ ಇಡೀ ಟೂರಿಗೆ ಒಂದೇ ಚೆಕ್ ಬರೆಯತ್ತೆ, ಟಿಕೆಟ್ ದುಡ್ಡಲ್ಲಿ ಹೆಚ್ಚುಕಮ್ಮಿ ಎಲ್ಲಾ ಆರ್ಟಿಸ್ಟಿಗೇ ಹೋದ್ರೂ ಅವ್ರಿಗೆ ತಲೆಬಿಸಿ ಇಲ್ಲ, ಯಾಕಂದ್ರೆ ಬುಕಿಂಗ್ ಫೀ ಅವ್ರದ್ದೇ, ಪಾರ್ಕಿಂಗ್ ಅವ್ರದ್ದೇ, ಬಿಯರ್ ಅವ್ರದ್ದೇ, ಸ್ಪಾನ್ಸರ್ ಬೋರ್ಡಿನ ದುಡ್ಡೂ ಅವ್ರದ್ದೇ. ಇನ್ನೂರು ಜನದ ಜಾಗದೋನಿಗೆ ಇರೋದು ಬಾಗಿಲಲ್ಲಿ ಬರೋ ಟಿಕೆಟ್ ದುಡ್ಡು ಮತ್ತು ಬಾರು. ಒಂದು ಬ್ಯಾಂಡನ್ನ ಮೂವತ್ತು ಜನ ಬಂದಾಗ್ಲೂ ಕರ್ಸಿ, ಎಂಬತ್ತು ಜನ ಬಂದಾಗ್ಲೂ ಕರ್ಸಿ, ಕೈಯಿಂದ ದುಡ್ಡು ಹಾಕಿ ಬೆಳೆಸ್ತಾನೆ, ಹೌಸ್‌ಫುಲ್ ಆಗೋ ಹೊತ್ತಿಗೆ ಆ ಬ್ಯಾಂಡು ದೊಡ್ಡ ಜಾಗಕ್ಕೆ ಹೋಗಿರತ್ತೆ. ಬ್ಯಾಂಡಿನ ತಪ್ಪಲ್ಲ ಅದು, ಬೆಳೀಲೇಬೇಕು. ಆದ್ರೆ ಒಟ್ಲು ಹಾಕೋನು ಒಬ್ಬ, ಪೈರು ಕುಯ್ಕೊಂಡು ಹೋಗೋನು ಇನ್ನೊಬ್ಬ, ಒಟ್ಲಿನೋನಿಗೆ ಒಂದು ಹಿಡಿ ಕಾಳೂ ಇಲ್ಲ ಅಂದ್ರೆ ಮುಂದಿನ ವರ್ಷ ಯಾರು ಒಟ್ಲು ಹಾಕ್ತಾರೆ?

ನಮ್ಮಲ್ಲೂ ಅದೇ ದಾರಿ ಹಿಡ್ದಿದೆ. ಬುಕ್‌ಮೈಶೋ ಟಿಕೆಟ್ಟೂ ಮಾರತ್ತೆ, ಶೋನೂ ಮಾಡತ್ತೆ, 2023ರಿಂದ ಮುಂಬೈಯಲ್ಲಿ ಲೊಲ್ಲಾಪಲೂಝಾ ಅನ್ನೋ ಮ್ಯೂಸಿಕ್ ಫೆಸ್ಟಿವಲ್ ಅವ್ರೇ ನಡೆಸ್ತಿರೋದು. 2024ರ ಆಗಸ್ಟಲ್ಲಿ ಝೊಮ್ಯಾಟೊದೋರು ಪೇಟಿಎಂನ ಟಿಕೆಟ್ ವ್ಯವಹಾರನ 2,048 ಕೋಟಿ ಕೊಟ್ಟು ತಗೊಂಡ್ರು, ಈಗ ಅದು ಡಿಸ್ಟ್ರಿಕ್ಟ್ ಆ್ಯಪಲ್ಲಿದೆ, ಅದ್ರಲ್ಲೇ ಊಟದ ಟೇಬಲ್ಲೂ ಬುಕ್ ಆಗತ್ತೆ, ಶೋನೂ ಬುಕ್ ಆಗತ್ತೆ. ಅಂದ್ರೆ ಕೋರಮಂಗಲದಲ್ಲಿ ಸಣ್ಣ ಸ್ಟೇಜ್ ಇಟ್ಕೊಂಡಿರೋನು ತನ್ನ ಟಿಕೆಟ್ ಮಾರೋಕೆ ಯಾರ ಹತ್ರ ಹೋಗ್ತಾನೋ ಅವ್ರೇ ಅದೇ ಶನಿವಾರ ತಮ್ಮ ದೊಡ್ಡ ಶೋನ ಬ್ಯಾನರ್ ಮೇಲ್ಗಡೆ ಹಾಕ್ಕೊಂಡಿರ್ಬೋದು. ಇವನ ಶೋಗೆ ಬಂದೋರು ಯಾರು, ಅವ್ರ ನಂಬರ್ ಏನು, ಮುಂದಿನ ಸಲ ಹೇಗೆ ಕರೆಯೋದು, ಆ ಮಾಹಿತಿ ಮೊದ್ಲು ಸೇರೋದು ಆ್ಯಪಿನ ಖಜಾನೆಗೆ.

ಇಂಗ್ಲೆಂಡಲ್ಲಿ ಸ್ವಲ್ಪ ಕಣ್ಣು ಬಿಟ್ಟಿದಾರೆ, ತಡವಾಗಿ. ಅಲ್ಲಿ ಸಣ್ಣ ಜಾಗದೋರ ಪರ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಅಂತ 2014ರಿಂದ ಇದೆ, ಪ್ರತಿವರ್ಷ ಲೆಕ್ಕ ಕೊಡ್ತಾರೆ. 2023 ಒಂದೇ ವರ್ಷದಲ್ಲಿ 125 ಜಾಗ ಲೈವ್ ಮ್ಯೂಸಿಕ್ ನಿಲ್ಸಿವೆ, ಉಳಿದವರ ಸರಾಸರಿ ಲಾಭ 0.5 ಪರ್ಸೆಂಟ್, ನೂರು ರೂಪಾಯಿಗೆ ಐವತ್ತು ಪೈಸೆ. ಬಾತ್ ಊರಿನ ಮೋಲ್ಸ್, ರೇಡಿಯೋಹೆಡ್ಡು ಓಯಸಿಸ್ಸು ಅಂಥ ದೊಡ್ಡ ಬ್ಯಾಂಡುಗಳೆಲ್ಲಾ ಬಾರ್ಸಿದ ಜಾಗ, ಅದೂ ಅದೇ ವರ್ಷ ಡಿಸೆಂಬರಲ್ಲಿ ಹೋಯ್ತು. ಆಮೇಲೆ 2024ರಲ್ಲಿ ಪಾರ್ಲಿಮೆಂಟ್ ಕಮಿಟಿಯೇ ಹೇಳ್ತು, ಸ್ಟೇಡಿಯಂ ಅರೀನಾ ಟಿಕೆಟ್ ಮೇಲೆ ಒಂದು ಪಾಲು ಎತ್ತಿ ಸಣ್ಣ ಜಾಗಗಳಿಗೆ ಕೊಡಿ ಅಂತ, ಟಿಕೆಟ್ಟಿಗೆ ಒಂದು ಪೌಂಡ್ ಅಂತ ಕೆಲವರು ಸ್ವಂತ ಇಷ್ಟದಿಂದ ಕೊಡೋಕೆ ಶುರು ಮಾಡಿದ್ರು, ಅದು ಕಾನೂನಲ್ಲ. ಅಲ್ಲಿಯ ದೊಡ್ಡ ಬ್ಯಾಂಡ್ ಕೋಲ್ಡ್‌ಪ್ಲೇಯೋರು 2025ರ ತಮ್ಮ ಇಂಗ್ಲೆಂಡ್ ಶೋಗಳ ದುಡ್ಡಲ್ಲಿ 10 ಪರ್ಸೆಂಟ್ ಈ ಟ್ರಸ್ಟಿಗೆ ಅಂದ್ರು. ಅದೇ ಕೋಲ್ಡ್‌ಪ್ಲೇ ಅದೇ ವರ್ಷ ಜನವರೀಲಿ ಮುಂಬೈ, ಅಹಮದಾಬಾದಲ್ಲಿ ಬಂದು ಬಾರ್ಸ್ಲಿಲ್ವಾ? ನಾನು ಅವ್ರನ್ನ ಬೈತಿಲ್ಲ, ನಮ್ಮ ಕಡೆಯಿಂದ ಕೈ ಚಾಚಿ ಕೇಳೋಕೆ ಒಂದು ಟ್ರಸ್ಟ್ ಇದ್ದಿದ್ರೆ ತಾನೆ ಕೊಡೋದು.

ಫ್ರಾನ್ಸಲ್ಲಂತೂ ಇದು ಕಾನೂನೇ, ಟಿಕೆಟ್ ಮೇಲೆ 3.5 ಪರ್ಸೆಂಟ್ ಅಲ್ಲಿಯ ಸಂಗೀತ ಕೇಂದ್ರಕ್ಕೆ ಹೋಗತ್ತೆ. ನಮ್ಮ ಕರ್ನಾಟಕಕ್ಕೂ ಇದು ಹೊಸ ಐಡಿಯಾ ಏನಲ್ಲ ನೋಡಿ, 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಲಾವಿದರ ಕಲ್ಯಾಣಕ್ಕೆ ಅಂತ ಸಿನಿಮಾ ಟಿಕೆಟ್ಟು, ಒಟಿಟಿ ಚಂದಾ ಮೇಲೆ 1ರಿಂದ 2 ಪರ್ಸೆಂಟ್ ಸೆಸ್ ಹಾಕೋ ಕಾಯ್ದೆ ಪಾಸ್ ಮಾಡಿದ್ರು. ಸಿನಿಮಾದಿಂದ ತಗೊಳ್ಳೋಕೆ ಆಗತ್ತೆ ಅಂದ್ರೆ ಮೈದಾನದ ಕಾನ್ಸರ್ಟಿಂದ ಯಾಕಾಗಲ್ಲ? 40,000 ಜನದ ಶೋ, ಟಿಕೆಟ್ಟಿಗೆ 50 ರೂಪಾಯಿ, ಒಂದೇ ರಾತ್ರಿಗೆ 20 ಲಕ್ಷ. ಐದಾರು ಸಾವಿರ ಕೊಟ್ಟು ಟಿಕೆಟ್ ತಗೊಳ್ಳೋನಿಗೆ ಐವತ್ತು ಲೆಕ್ಕಕ್ಕೇ ಬರಲ್ಲ, ಆ 20 ಲಕ್ಷದಲ್ಲಿ ಇನ್ನೂರು ಜನದ ಜಾಗಕ್ಕೆ ಒಳ್ಳೆ ಸೌಂಡ್‌ಪ್ರೂಫಿಂಗ್ ಆಗತ್ತೆ, ಪಕ್ಕದ ಮನೆ ಅಂಕಲ್ ಪೊಲೀಸಿಗೆ ಫೋನ್ ಮಾಡೋದೂ ನಿಲ್ಲತ್ತೆ. ಒಂದೇ ಷರತ್ತು, ದುಡ್ಡು ಯಾವ್ದೋ ಮಂಡಳಿಯ ಕಾರಿಗೆ ಪೆಟ್ರೋಲ್ ಆಗ್ಬಾರ್ದು, ಲೆಕ್ಕ ವೆಬ್‌ಸೈಟಲ್ಲಿ ಕಾಣ್ಬೇಕು.

ಮತ್ತೆ ಆ ದುಡ್ಡು ಬಾಡಿಗೆಗೇ ಸುರೀಬೇಕು ಅಂತ ನಾನು ಹೇಳಲ್ಲ, ಸುರಿದ್ರೆ ಓನರ್ ಮುಂದಿನ ವರ್ಷ ಬಾಡಿಗೆ ಏರಿಸ್ತಾನೆ ಅಷ್ಟೆ. ಬೆಂಗಳೂರು ಗಾಯನ ಸಮಾಜ 1905ರಿಂದ ಇದೆ, ಕೆ.ಆರ್. ರಸ್ತೇಲಿ ಅವ್ರದ್ದೇ ಕಟ್ಟಡ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಬಾಗಿಲು ತೆಗೀತು, ಸರ್ಕಾರ ಲೀಸಿಗೆ ಕೊಟ್ಟ ಜಾಗದಲ್ಲಿ, ಅಲ್ಲಿ ನಾಟಕ ನೋಡೋಕೆ ಯಾರೂ ಬಿಯರ್ ಕುಡೀಬೇಕಿಲ್ಲ, ಅಜ್ಜಿ ಮೊಮ್ಮಗಳು ಇಬ್ರೂ ಬರ್ತಾರೆ. ಶಾಸ್ತ್ರೀಯ ಸಂಗೀತಕ್ಕೆ, ನಾಟಕಕ್ಕೆ ಈ ಊರು ಹೀಗೆ ಮಾಡ್ಕೊಂಡಿದೆ, ಬ್ಯಾಂಡುಗಳಿಗೆ ಮಾತ್ರ ಬಾರೇ ಗತಿ ಯಾಕೆ ಅಂತ. ಇಂಗ್ಲೆಂಡಲ್ಲಿ ಆ ಟ್ರಸ್ಟಿನೋರು ಜನರಿಂದ ಷೇರು ಎತ್ತಿ ಕಟ್ಟಡನೇ ಕೊಂಡ್ಕೊಳ್ಳೋಕೆ ಶುರು ಮಾಡಿದಾರೆ, ಮೊದಲನೇದು 2023ರಲ್ಲಿ, ಆ್ಯದರ್ಟನ್ ಅನ್ನೋ ಸಣ್ಣ ಊರಿನ ಸ್ನಗ್. ಬೆಂಗ್ಳೂರಿನ ಜಾಗದ ರೇಟಿಗೆ ಅದು ಕನಸು ಅಂತ ಗೊತ್ತು, ಆದ್ರೆ ಸಂಜೆ ಹೊತ್ತು ಖಾಲಿ ಇರೋ ಸರ್ಕಾರಿ ಸಭಾಂಗಣಗಳು ಈ ಊರಲ್ಲಿ ಕಮ್ಮಿ ಇಲ್ಲ.

ಹಂಗಂತ ಸ್ವತಂತ್ರವಾಗಿ ಜಾಗ ನಡೆಸೋರೆಲ್ಲಾ ದೇವ್ರು ಅಂತಲ್ಲ. ಎಕ್ಸ್‌ಪೋಶರ್ ಸಿಗತ್ತೆ ಮಗಾ ಅಂತ ಫ್ರೀಯಾಗಿ ಬಾರ್ಸ್ಕೊಂಡು, ಪೇಮೆಂಟ್ ಕೇಳಿದ್ರೆ ತಿಂಗಳುಗಟ್ಟಲೆ ಫೋನ್ ಎತ್ತದೇ ಇರೋರು ಇದಾರೆ, ಬ್ಯಾಂಡಿನೋರ ಕಾಮೆಂಟ್ ಕೆಳಗೆ ಬೇಕಾದಷ್ಟು ಬರತ್ತೆ ನೋಡ್ತಿರಿ. ಪಾಲು ಬೇಕು ಅನ್ನೋರು ಕಲಾವಿದರ ಪಾಲನ್ನೂ ಟೈಮಿಗೆ ಕೊಡ್ಬೇಕು, ಸೆಸ್ ದುಡ್ಡಿಗೆ ಅದನ್ನೇ ಷರತ್ತು ಮಾಡ್ಲಿ.

ಇನ್ನು ನಾವು. ದೊಡ್ಡ ಶೋಗೆ ಆರು ತಿಂಗಳು ಮುಂಚೆ ಕ್ಯೂ ನಿಂತು ಟಿಕೆಟ್ ತಗೋತೀವಿ, 499ರ ಶೋಗೆ ಮಾತ್ರ ಅವತ್ತು ಸಂಜೆ ಏಳಕ್ಕೆ ಬ್ಯಾಂಡಿನ ಡ್ರಮ್ಮರ್‌ಗೆ ಮೆಸೇಜು, ಗೆಸ್ಟ್ ಲಿಸ್ಟಿಗೆ ಹಾಕ್ಸು ಮಗಾ ಅಂತ. ಹನ್ನೆರಡು ಜನ ಗೆಸ್ಟ್ ಲಿಸ್ಟಲ್ಲಿ ಫ್ರೀಯಾಗಿ ಬಂದ್ರೆ ಆ ಡ್ರಮ್ಮರ್ ಸಂಬಳನೇ ಹೋಯ್ತು. ಮಂಗಳವಾರನೇ ಟಿಕೆಟ್ ತಗೊಂಡ್ರೆ ಜಾಗದೋನಿಗೆ ಎಷ್ಟು ಜನ ಬರ್ತಾರೆ ಅಂತ ಗೊತ್ತಾಗತ್ತೆ, ಶನಿವಾರದ ಶೋ ಕ್ಯಾನ್ಸಲ್ ಆಗಲ್ಲ. ಈ ವಾರ ನೀವಿರೋ ಊರಲ್ಲಿ, ಮೈಸೂರೋ ಮಂಗ್ಳೂರೋ ಹುಬ್ಬಳ್ಳಿಯೋ, ಯಾವ ಸಣ್ಣ ಜಾಗದಲ್ಲಿ ಯಾವ ಬ್ಯಾಂಡ್ ಬಾರ್ಸ್ತಿದೆ ಅಂತ ಕಾಮೆಂಟಲ್ಲಿ ಹಾಕಿ, ಲಿಸ್ಟ್ ಮಾಡಿ ಪಿನ್ ಮಾಡ್ತೀನಿ, ಟಿಕೆಟ್ ರೇಟೂ ಬರೀರಿ.