ದೇವಸ್ಥಾನದ ಗೋಡೆಗೆ ಆಯಿಲ್ ಪೇಂಟ್ ಹಚ್ಚುವ ಮೊದಲು

ಎಲ್ಲರಿಗೂ ನಮಸ್ಕಾರ.

ಇಲ್ಲಿಯ ಮೊಕ್ತೇಸರರು ಫೋನ್ ಮಾಡಿ, "ದೇವಸ್ಥಾನದ ಒಳಗಿನ ಅಲಂಕಾರದ ಬಗ್ಗೆ ನೀನು ಬಂದು ಮಾತಾಡಬೇಕು ತಂಗೀ, ಜೀರ್ಣೋದ್ಧಾರ ಕಮಿಟಿಯವರೂ ಇರ್ತಾರೆ" ಎಂದರು. ನಾನು ಕೇಳಿದ್ದು ಒಂದೇ ಮಾತು. ಪೇಂಟ್ ತಂದಾಗಿದೆಯಾ? ಇನ್ನೂ ಇಲ್ಲ ಎಂದರು. ಹಾಗಾದರೆ ಬಂದೇ ಬರುತ್ತೇನೆ ಎಂದೆ. ಬಂದು ನೋಡಿದರೆ ಪೌಳಿಯ, ಅಂದರೆ ಅಂಗಳದ ಸುತ್ತಲಿನ ಪಡಸಾಲೆಯ ಗೋಡೆಗೆ ಇನ್ನೂ ಸುಣ್ಣವೇ ಇದೆ. ಎಷ್ಟು ಸಂತೋಷ ಆಯಿತು ಅಂತ ಹೇಳಲಾರೆ.

ನನ್ನ ಕೆಲಸ ಒಳಾಂಗಣ ವಿನ್ಯಾಸ. ಮನೆ, ಹೋಟೆಲು, ಆಫೀಸು ಎಲ್ಲ ಮಾಡಿದ್ದೇನೆ. ಆದರೆ ಈ ಕೆಲಸಕ್ಕೆ ನನ್ನನ್ನು ಎಳೆದದ್ದು ನಮ್ಮೂರ ದೇವಸ್ಥಾನದ ಒಂದು ಆನೆ. ಹೆಬ್ಬಾಗಿಲ ಪಕ್ಕದ ಗೋಡೆಯಲ್ಲಿತ್ತು. ಕೆಂಪು ಮೈ, ಮೈಮೇಲೆ ಬಿಳಿ ಗೆರೆ, ಸೊಂಡಿಲಲ್ಲಿ ಒಂದು ತಾವರೆ. ಅಜ್ಜಿ ಪ್ರದಕ್ಷಿಣೆ ಹಾಕುವಾಗ ನಾನು ಅಲ್ಲಿ ನಿಂತು ಸೊಂಡಿಲಿನ ಗೆರೆಯೊಳಗೆ ಬೆರಳು ಓಡಿಸುತ್ತಿದ್ದೆ. ಗೆರೆ ಅಂದರೆ ಬಣ್ಣದ ಗೆರೆ ಅಲ್ಲ, ಗೋಡೆಯಲ್ಲಿ ಕೊರೆದದ್ದು, ಉಗುರಿನ ತುದಿ ಒಳಗೆ ಕೂರುವಷ್ಟು ಆಳ ಇತ್ತು. "ಏ, ಕೆರೆಯಬೇಡ, ದೇವರ ಗೋಡೆ ಅದು" ಅಂತ ಅಜ್ಜಿ ಪ್ರತಿ ಸುತ್ತಿಗೂ ಬೈಯುತ್ತಿದ್ದರು.

ನಾನು ಕಾಲೇಜಿಗೆ ಹೋಗಿ ಒಂದು ರಜೆಗೆ ವಾಪಸ್ ಬಂದಾಗ ಆನೆ ಇರಲಿಲ್ಲ. ಜೀರ್ಣೋದ್ಧಾರ ಆಗಿತ್ತು. ವೈರ್ ಬ್ರಶ್ ಹಾಕಿ ಉಜ್ಜಿ, ಸಿಮೆಂಟ್ ಮೆತ್ತಿ, ಮೇಲೆ ಹಳದಿ ಆಯಿಲ್ ಪೇಂಟ್. ಕೆಳಗೆ ನಾಲ್ಕು ಅಡಿ ಎತ್ತರಕ್ಕೆ ಬಾತ್‌ರೂಮಿಗೆ ಹಾಕುವಂಥ ಟೈಲ್ಸ್. ಮಾಡಿದವರು ಕೆಟ್ಟವರಲ್ಲ, ಭಕ್ತಿಯಿಂದಲೇ ಮಾಡಿದ್ದರು. ಆದರೆ ಮೂರು ಮಳೆಗಾಲ ಕಳೆಯುವುದರೊಳಗೆ ಆ ಪೇಂಟ್ ಹಪ್ಪಳದ ಹಾಗೆ ಉಬ್ಬಿ, ಒಡೆದು, ಚಕ್ಕೆ ಚಕ್ಕೆಯಾಗಿ ಬೀಳತೊಡಗಿತು. ಆಮೇಲೆ ಎರಡು ವರ್ಷಕ್ಕೊಮ್ಮೆ ಪೇಂಟ್. ನೂರಾರು ಮಳೆಗಾಲ ತಡೆದಿದ್ದ ಗೋಡೆ ಮೂರೇ ಮಳೆಗಾಲಕ್ಕೆ ಯಾಕೆ ಸೋತಿತು? ಇವತ್ತು ನಾನು ಹೇಳಬೇಕಾದದ್ದು ಇದೊಂದೇ ವಿಷಯ.

ಆ ಆನೆ ಕಾವಿ ಚಿತ್ರ. ನಿಮ್ಮಲ್ಲಿ ಸುಮಾರು ಜನರಿಗೆ ಗೊತ್ತಿರುತ್ತದೆ. ಗೋವೆ, ಕೊಂಕಣ ಮತ್ತು ನಮ್ಮ ಉತ್ತರ ಕನ್ನಡದ ಕರಾವಳಿಯ ಕಲೆ ಇದು. ಶಿರಸಿ ಮಾರಿಕಾಂಬೆಯ ದೇವಸ್ಥಾನದಲ್ಲಿ ಇದೆ, ಜಾತ್ರೆಗೆ ಹೋದವರು ಗದ್ದಲದಲ್ಲಿ ನೋಡದೇ ಬಂದಿರಬಹುದು, ಮುಂದಿನ ಸಲ ನಿಂತು ನೋಡಿ. ಕುಮಟಾ, ಅಂಕೋಲಾ, ಭಟ್ಕಳದ ಕಡೆಯ ಹಳೆಯ ದೇವಸ್ಥಾನಗಳಲ್ಲೂ ಇದೆ. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು ಊರೂರು ತಿರುಗಿ ಇವುಗಳ ಫೋಟೋ ತೆಗೆದರು, ಇವುಗಳ ಬಗ್ಗೆ ಬರೆದರು. ಅವರು ಹಾಗೆ ಮಾಡದೇ ಇದ್ದಿದ್ದರೆ ಎಷ್ಟೋ ಗೋಡೆಗಳು ಹೋದದ್ದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಇದನ್ನು ಮಾಡುವ ರೀತಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಇರುವುದು ಅಲ್ಲೇ. ಸಮುದ್ರದ ಚಿಪ್ಪಿಯನ್ನು ಸುಟ್ಟು ಸುಣ್ಣ ಮಾಡಬೇಕು. ಹೊಳೆಯ ಹೊಯಿಗೆ, ಅಂದರೆ ಮರಳು ತಂದು, ಮಣ್ಣೆಲ್ಲ ಹೋಗುವ ಹಾಗೆ ತೊಳೆಯಬೇಕು. ಎರಡನ್ನೂ ಬೆರೆಸಿ, ಬೆಲ್ಲ ಹಾಕಿ, ಸುಮಾರು ಹದಿನೈದು ದಿನ ಕೊಳೆಯಲು ಬಿಡಬೇಕು. ಆಮೇಲೆ ಕುಟ್ಟಬೇಕು, ಬೆಣ್ಣೆಯ ಹಾಗೆ ಆಗುವವರೆಗೆ. ಆ ಗಾರೆಯನ್ನು ಗೋಡೆಗೆ ಹಚ್ಚಿ, ಅದು ಹಸಿ ಇರುವಾಗಲೇ ಮೇಲೆ ಕೆಮ್ಮಣ್ಣಿನ ಬಣ್ಣ ಬೆರೆಸಿದ ಇನ್ನೊಂದು ತೆಳುವಾದ ಪದರ. ಅದೇ ಕಾವಿ. ಬೇರೆ ಬಣ್ಣವೇ ಇಲ್ಲ. ಆಮೇಲೆ ಚೂಪಾದ ಕಬ್ಬಿಣದ ಕಡ್ಡಿಯಿಂದ ಕೆಂಪನ್ನು ಕೆರೆಯುತ್ತಾ ಹೋಗಬೇಕು, ಕೆರೆದ ಕಡೆ ಒಳಗಿನ ಬಿಳಿ ಕಾಣುತ್ತದೆ. ಅಂದರೆ ಚಿತ್ರಕಾರ ಇಲ್ಲಿ ಬಣ್ಣ ಹಚ್ಚುವುದಿಲ್ಲ, ಬಣ್ಣ ತೆಗೆಯುತ್ತಾನೆ. ತಪ್ಪಿದರೆ ಅಳಿಸುವ ಹಾಗಿಲ್ಲ. ಗಾರೆ ಗಟ್ಟಿಯಾಗುವುದರೊಳಗೆ ದೇವರ ಕಣ್ಣು, ಕುದುರೆಯ ಕಾಲು, ಬಳ್ಳಿಯ ಸುರುಳಿ ಎಲ್ಲ ಮುಗಿಯಬೇಕು. ಕೊನೆಗೆ ಹೊಳೆಯ ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟು, ಕೆಲವು ದಿನ ನೀರು ಚಿಮುಕಿಸಿ ತೇವವಾಗಿ ಇಡಬೇಕು.

ಈಗ ಇದರ ಒಳಗುಟ್ಟು ನೋಡಿ. ಸುಣ್ಣ ಒಣಗುವುದು ಅಂದರೆ ಬರೀ ನೀರು ಆರುವುದಲ್ಲ. ಹಸಿ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಚಿಪ್ಪಿ ಮೊದಲು ಏನಾಗಿತ್ತೋ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೋನೇಟ್. ಸುಟ್ಟು, ನೀರಿಗೆ ಹಾಕಿ, ಗೋಡೆಗೆ ಹಚ್ಚಿದ ಚಿಪ್ಪಿ ನಿಧಾನಕ್ಕೆ ಮತ್ತೆ ಚಿಪ್ಪಿಯೇ ಆಗುತ್ತದೆ, ಆಗುವಾಗ ಕೆಂಪು ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಕಾವಿ ಚಿತ್ರ ಕೈಗೆ ಹತ್ತುವುದಿಲ್ಲ, ತೊಳೆದರೂ ಹೋಗುವುದಿಲ್ಲ. ಚಿತ್ರ ಗೋಡೆಯ ಮೇಲೆ ಇಲ್ಲ, ಗೋಡೆಯ ಚರ್ಮವೇ ಚಿತ್ರ.

ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದ್ದೀರಲ್ಲ? ನೋಡದೇ ಇದ್ದರೆ ಒಂದು ಸಲ ಹೋಗಿ ಬನ್ನಿ. ಇಟಲಿಯ ಬೆರ್ಗಮೋ ಹತ್ತಿರದ ಊರಿನವರು ಆಂಟೋನಿಯೋ ಮೊಶೇನಿ, ಜೆಸ್ವಿಟ್ ಬ್ರದರ್. 1898ರಲ್ಲಿ ಮಂಗಳೂರಿಗೆ ಬಂದು, 1901ರ ಹೊತ್ತಿಗೆ ಆ ಚಾಪೆಲ್ಲಿನ ಗೋಡೆ, ಛಾವಣಿಯನ್ನೆಲ್ಲ ಚಿತ್ರದಿಂದ ತುಂಬಿಸಿದರು. ಛಾವಣಿಯದ್ದು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಗೋಡೆಯದ್ದು ಫ್ರೆಸ್ಕೋ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬರೆದದ್ದು. ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಜಾಗಕ್ಕೆ ಗಾರೆ ಹಚ್ಚಿ, ಆರುವುದರೊಳಗೆ ಬರೆದು ಮುಗಿಸುವುದು ಆ ವಿಧಾನ. ಮೊದಲ ಸಲ ಅಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮೂರ ಆನೆ. ಒಂದು ಕಡೆ ಹೆಸರೇ ಗೊತ್ತಿಲ್ಲದ ನಮ್ಮ ಚಿತ್ರಕಾರ, ಇನ್ನೊಂದು ಕಡೆ ಚಿತ್ರಶಾಲೆಯಲ್ಲಿ ಕಲಿತು ಬಂದ ಇಟಲಿಯವರು. ಒಬ್ಬರಿಗೆ ಒಂದೇ ಬಣ್ಣ, ಇನ್ನೊಬ್ಬರಿಗೆ ಎಲ್ಲ ಬಣ್ಣ. ಇಬ್ಬರೂ ನಂಬಿದ್ದು ಹಸಿ ಸುಣ್ಣವನ್ನೇ, ಅದೂ ಒಂದೇ ಕರಾವಳಿಯಲ್ಲಿ, ಒಂದೇ ಮಳೆಯ ಕೆಳಗೆ. ನೂರು ವರ್ಷ ಆಗುವ ಹೊತ್ತಿಗೆ ಅಲ್ಲೂ ಚಿತ್ರಗಳಿಗೆ ಆರೈಕೆ ಬೇಕಾಯಿತು. 1990ರ ದಶಕದಲ್ಲಿ ಹಳೆಯ ಕಟ್ಟಡ, ಕಲೆಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ಸಂರಕ್ಷಣೆ ಮಾಡಿದರು. ಗಮನಿಸಿ, ಅಲ್ಲಿ ಯಾರೂ "ಹಳೆಯದಾಯಿತು, ಪೇಂಟ್ ಹೊಡೆಯೋಣ" ಅನ್ನಲಿಲ್ಲ.

ಒಳನಾಡಿನ ದೇವಸ್ಥಾನಗಳ ಚಿತ್ರಗಳದ್ದು ಬೇರೆ ಕಥೆ. ಹಂಪಿ ವಿರೂಪಾಕ್ಷನ ರಂಗಮಂಟಪದ ಛಾವಣಿಯಲ್ಲಿ ಗಿರಿಜಾ ಕಲ್ಯಾಣ ಇದೆ, ಅರ್ಜುನ ಮತ್ಸ್ಯಯಂತ್ರ ಹೊಡೆಯುವುದಿದೆ, ಪಲ್ಲಕ್ಕಿಯಲ್ಲಿ ಹೋಗುವ ಗುರುಗಳ ಮೆರವಣಿಗೆ ಇದೆ. ತುಮಕೂರಿನಿಂದ ಶಿರಾಕ್ಕೆ ಹೋಗುವ ದಾರಿಯ ಸೀಬಿ ನರಸಿಂಹನ ಗುಡಿಯ ಛಾವಣಿಯಲ್ಲಿ ಪುರಾಣದ ಜೊತೆಗೆ ಆ ಕಾಲದ ದರ್ಬಾರೂ ಇದೆ. ಇಂಥ ಚಿತ್ರಗಳಲ್ಲಿ ಹೆಚ್ಚಿನವು ಗಾರೆ ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆದವು. ಅವು ಇನ್ನೂ ನಾಜೂಕು. ಮೇಲಿಂದ ನೀರು ಸೋರಿದರೆ ಮುಗಿಯಿತು. ಅಲ್ಲಿ ಛಾವಣಿ ಸೋರದ ಹಾಗೆ ನೋಡಿಕೊಳ್ಳುವುದೇ ಅರ್ಧ ಸಂರಕ್ಷಣೆ.

ಸರಿ, ನಮ್ಮೂರ ಗೋಡೆಗೆ ಬರೋಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಗೋಡೆ ಚಿರೆಕಲ್ಲಿನದ್ದು, ಅದೇ ತೂತುತೂತಿನ ಕೆಂಪು ಕಲ್ಲು. ಚಿರೆಕಲ್ಲು ನೀರು ಕುಡಿಯುತ್ತದೆ, ನೆಲದಿಂದಲೂ ಮೇಲಕ್ಕೆ ಎಳೆಯುತ್ತದೆ. ಮೈಮೇಲೆ ಸುಣ್ಣದ ಗಾರೆ ಇದ್ದರೆ ಕುಡಿದ ನೀರು ಬಿಸಿಲು ಬಂದಾಗ ಆವಿಯಾಗಿ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಗೋಡೆ ಕಪ್ಪಾಗುತ್ತದೆ, ದೀಪಾವಳಿ ಹೊತ್ತಿಗೆ ಒಣಗುತ್ತದೆ. ಮೊದಲು ಹೀಗೇ ನಡೆಯುತ್ತಿತ್ತು, ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಆಯಿತು, ಅಲ್ವಾ? ಅದರ ಮೇಲೆ ಸಿಮೆಂಟ್ ಮೆತ್ತಿ ಆಯಿಲ್ ಪೇಂಟ್ ಹಚ್ಚಿದರೆ ಏನಾಗುತ್ತದೆ? ಮಳೆಕೋಟು ಹಾಕಿಕೊಂಡು ಗದ್ದೆ ಕೆಲಸ ಮಾಡಿದವರಿಗೆ ಗೊತ್ತು, ಹೊರಗಿನ ಮಳೆಗಿಂತ ಒಳಗಿನ ಬೆವರಿಗೇ ಅಂಗಿ ಒದ್ದೆಯಾಗುತ್ತದೆ. ಗೋಡೆಯ ಕಥೆಯೂ ಅದೇ. ನೀರು ಹೊರಗೆ ಬರಲು ದಾರಿ ಇಲ್ಲದೆ ಪೇಂಟಿನ ಹಿಂದೆ ನಿಲ್ಲುತ್ತದೆ, ಅದರ ಜೊತೆ ಬಂದ ಉಪ್ಪು ಅಲ್ಲೇ ಹರಳುಗಟ್ಟುತ್ತದೆ, ಪೇಂಟನ್ನೂ ಅದರ ಹಿಂದಿನ ಗಾರೆಯನ್ನೂ ತಳ್ಳಿ ಉದುರಿಸುತ್ತದೆ.

ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿದಾಗಲೂ ಇದೇ ಆಗುವುದು. ಅಂಗಳದ ನೆಲ ಮಣ್ಣಿನದ್ದೋ ಕಲ್ಲುಚಪ್ಪಡಿಯದ್ದೋ ಇದ್ದಾಗ ತೇವ ಅಲ್ಲಿಂದ ಆರುತ್ತಿತ್ತು. ಅದನ್ನು ಮುಚ್ಚಿದರೆ ತೇವ ಬದಿಗೆ ಸರಿದು ಗೋಡೆ ಹತ್ತುತ್ತದೆ. "ಟೈಲ್ಸ್ ಹಾಕಿದ ಮೇಲೆ ಗೋಡೆಯಲ್ಲಿ ನೀರು ಜಾಸ್ತಿ ಆಯ್ತು" ಅಂತ ಎಷ್ಟೋ ಜನ ನನಗೆ ಹೇಳಿದ್ದಾರೆ. ಟೈಲ್ಸ್ ಹಾಕಿದ್ದರಿಂದಲೇ ಆಯಿತು ಅಂತ ಅವರಿಗೆ ಹೊಳೆದಿರುವುದಿಲ್ಲ.

ಹೊಸತು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೈಸೂರು ಅರಮನೆ ನೋಡಿ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿ, 1912ರಲ್ಲಿ ಮುಗಿಸಿದ ಕಟ್ಟಡ. ಕಲ್ಯಾಣ ಮಂಟಪದ ಕಬ್ಬಿಣದ ಕಂಬ, ಬಣ್ಣದ ಗಾಜು ಗ್ಲಾಸ್ಗೋದಲ್ಲಿ ಮಾಡಿಸಿ ತರಿಸಿದ್ದು. ಆಗಿನ ಕಾಲಕ್ಕೆ ಅದಕ್ಕಿಂತ ಹೊಸತು ಏನಿತ್ತು! ಆದರೆ ಆ ಗಾಜಿನಲ್ಲಿರುವುದು ನಮ್ಮ ನವಿಲು, ಅದೂ ಬೆಳಕು ಹಾಯ್ದಾಗ ಗರಿ ಅರಳುವ ಹಾಗೆ ಗಾಜಿಗೆಂದೇ ರೂಪಿಸಿದ ನವಿಲು. ಇವತ್ತು ಕಾವಿಯ ಫೋಟೋವನ್ನು ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಿ ಸಭಾಭವನದ ಗೋಡೆಗೆ ಅಂಟಿಸುತ್ತಾರೆ. ಮಲೆನಾಡಿನ ದೀವರ ಹೆಂಗಸರು ಪುಂಡಿ ನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವನ್ನು ಸ್ಟಿಕರ್ ಮಾಡಿ ಹಚ್ಚುತ್ತಾರೆ. ನನಗೆ ಅದು ಒಪ್ಪುವುದಿಲ್ಲ. ಆಕಾರ ಮಾತ್ರ ತಂದು ಸಾಮಾನು ಬದಲಿಸಿದರೆ ಅಲ್ಲಿ ಉಳಿಯುವುದು ಬರೀ ಗುರುತು.

ಬೆಳಕಿನ ಬಗ್ಗೆಯೂ ಒಂದು ಮಾತು. ನನ್ನ ಕಸುಬಿನಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಯೋಚಿಸುವುದು ಇದನ್ನೇ. ಕಾವಿ ಚಿತ್ರ ಇರುವುದು ಕೊರೆದ ಗೆರೆಯಲ್ಲಿ. ಗೆರೆ ಕಾಣಬೇಕಾದರೆ ಅದರೊಳಗೆ ಒಂದು ಸಣ್ಣ ನೆರಳು ಬೀಳಬೇಕು. ಹಿಂದೆ ಪೌಳಿಯೊಳಗೆ ಬೆಳಕು ಬರುತ್ತಿದ್ದದ್ದು ಅಂಗಳದ ಕಡೆಯಿಂದ, ಅಡ್ಡವಾಗಿ. ರಾತ್ರಿ ಆದರೆ ದೀಪದಿಂದ, ಅದೂ ಕೆಳಗಿನಿಂದ, ಅಲುಗಾಡುತ್ತಾ. ದೀಪ ಅಲುಗಿದರೆ ಕುದುರೆಯ ಕಾಲೂ ಅಲುಗುತ್ತದೆ. ಈಗ ನಾವು ಎದುರಿನಿಂದ ಎರಡು ಎಲ್‌ಇಡಿ ಫ್ಲಡ್‌ಲೈಟ್ ಹಾಕುತ್ತೇವೆ. ಗೋಡೆ ತುಂಬಾ ಬೆಳಕು, ಆದರೆ ಒಂದೂ ನೆರಳಿಲ್ಲ, ಚಿತ್ರ ಕ್ಯಾಲೆಂಡರಿನ ಹಾಗೆ ಚಪ್ಪಟೆ. ಸಣ್ಣದೊಂದು ಬಲ್ಬನ್ನು ಗೋಡೆಗೆ ಹತ್ತಿರ, ಬದಿಯಲ್ಲಿ, ಸ್ವಲ್ಪ ಕೆಳಗೆ ಇಟ್ಟು ನೋಡಿ. ಖರ್ಚೂ ಕಮ್ಮಿ.

ಕಮಿಟಿಯವರಿಗೆ ನನ್ನ ಕೋರಿಕೆ ಇಷ್ಟೇ. ಮೊದಲು ಒಂದು ದಿನ ಯಾರಾದರೂ ಹುಡುಗರನ್ನು ಕರೆದು ಎಲ್ಲ ಗೋಡೆಗಳ, ಬಾಗಿಲವಾಡಗಳ, ಛಾವಣಿಯ ಫೋಟೋ ತೆಗೆಸಿ, ಅಳತೆ ಸಮೇತ. ವೈರ್ ಬ್ರಶ್, ಸ್ಯಾಂಡ್ ಬ್ಲಾಸ್ಟಿಂಗ್ ದೇವಸ್ಥಾನದ ಹತ್ತಿರವೂ ಬರಬಾರದು. ಗಾರೆ ಬಿದ್ದ ಕಡೆ ಸುಣ್ಣದ ಗಾರೆಯನ್ನೇ ಹಚ್ಚಿಸಿ. ಅದು ಗೊತ್ತಿರುವ ಮೇಸ್ತ್ರಿಗಳು ಕಮ್ಮಿ ಆಗಿದ್ದಾರೆ, ನಿಜ, ಹುಡುಕಬೇಕು, ಕಾಯಬೇಕು. ಜೀರ್ಣೋದ್ಧಾರ ಮುಗಿದ ಮೇಲೆ ಮಾಡುವ ಬ್ರಹ್ಮಕಲಶಕ್ಕೆ ಮೊದಲೇ ತಾರೀಖು ಗೊತ್ತುಮಾಡಿ ಆಮೇಲೆ ಕೆಲಸ ಶುರು ಮಾಡುವುದರಿಂದಲೇ ಅರ್ಧ ಹಾಳು. ಸುಣ್ಣಕ್ಕೆ ಅವಸರ ಆಗುವುದಿಲ್ಲ.

ಇನ್ನೊಂದು ಕಷ್ಟ ಇದೆ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ದೇಣಿಗೆ. ಟೈಲ್ಸ್ ಹಾಕಿಸಿದವರ ಹೆಸರು ಗ್ರಾನೈಟಿನಲ್ಲಿ ಬರುತ್ತದೆ, ಫ್ಯಾನಿನ ರೆಕ್ಕೆಯ ಮೇಲೂ ಬರುತ್ತದೆ. ಸುಣ್ಣಕ್ಕೆ ಕೊಟ್ಟವರ ಹೆಸರು ಎಲ್ಲೂ ಬರುವುದಿಲ್ಲ, ಹಾಗಾಗಿ ಸುಣ್ಣಕ್ಕೆ ಯಾರೂ ಕೊಡುವುದಿಲ್ಲ. ಕೊಡುವವರ ಮನಸ್ಸು ದೊಡ್ಡದೇ, ನಾವು ಕೇಳುವ ಪಟ್ಟಿಯೇ ತಪ್ಪು. ನಿಮ್ಮ ಸೇವಾ ಪಟ್ಟಿಯಲ್ಲಿ ಹೂವಿನ ಪೂಜೆ, ದೀಪಾರಾಧನೆ ಇರುವ ಹಾಗೆ "ಸುಣ್ಣದ ಸೇವೆ" ಅಂತ ಒಂದು ಸಾಲು ಸೇರಿಸಿ. ವರ್ಷಕ್ಕೊಂದು ಮನೆಯವರು ಒಂದು ಗೋಡೆಯ ಸುಣ್ಣ ನೋಡಿಕೊಳ್ಳಲಿ. ಅವರ ಹೆಸರನ್ನು ಅವತ್ತಿನ ಪೂಜೆಯಲ್ಲಿ ಸಂಕಲ್ಪಕ್ಕೆ ಹೇಳಿ.

ಒಂದು ಗೋಡೆ ಸುಣ್ಣದ ಅಡಿಯಲ್ಲಿ ಮುಚ್ಚಿಹೋದರೆ ಎಲ್ಲ ಹೋಯಿತು ಅಂತ ಅಲ್ಲ. ಆಯಿಲ್ ಪೇಂಟ್ ತೆಗೆಯುವುದು ತುಂಬಾ ಕಷ್ಟ, ತೆಗೆಯುವಾಗ ಚಿತ್ರವನ್ನೂ ಕಿತ್ತುಕೊಂಡು ಬರುತ್ತದೆ. ಆದರೆ ಸುಣ್ಣದ ಪದರಗಳನ್ನು ಕೈಪಳಗಿದವರು ಒಂದೊಂದಾಗಿ ಬಿಡಿಸಬಲ್ಲರು. ಹಾಗಾಗಿ, ಸುಣ್ಣ ಬಳಿದ ಗೋಡೆ ಎಂದರೆ ನನಗೆ ಯಾವಾಗಲೂ ಒಂದು ಆಸೆ.

ಬೆಳಿಗ್ಗೆ ಪ್ರದಕ್ಷಿಣೆ ಹಾಕುವಾಗ ನಿಮ್ಮ ತೆಂಕು ಪೌಳಿಯ ಗೋಡೆಯನ್ನು ಮುಟ್ಟಿ ನೋಡಿದೆ. ಕಣ್ಣಿಗೆ ಬರೀ ಬಿಳಿ ಸುಣ್ಣ. ಆದರೆ ಕಿಟಕಿಯ ಬಲಕ್ಕೆ, ನನ್ನ ಸೊಂಟದ ಎತ್ತರದಲ್ಲಿ, ಬೆರಳು ಒಂದು ಕಡೆ ಸಣ್ಣಗೆ ಇಳಿಯಿತು. ಮತ್ತೆ ಓಡಿಸಿದೆ. ಬಾಗಿದ ಒಂದು ಗೆರೆ, ಅದರ ಪಕ್ಕಕ್ಕೆ ಇನ್ನೊಂದು. ಬಿರುಕು ಅಷ್ಟು ನಯವಾಗಿ ಬಾಗುವುದಿಲ್ಲ. ಈಗ ಹೊರಗೆ ಕತ್ತಲಾಗುತ್ತಿದೆ, ಒಳ್ಳೆಯದೇ ಆಯಿತು. ಅಲ್ಲಿಯ ಟ್ಯೂಬ್‌ಲೈಟ್ ಆರಿಸಿ, ಎಲ್ಲರೂ ಬನ್ನಿ. ಮೊಬೈಲ್ ಟಾರ್ಚ್ ಹಾಕಿ ಗೋಡೆಗೆ ತಾಗಿಸಿದ ಹಾಗೆ ಅಡ್ಡ ಹಿಡಿಯೋಣ. ಮಕ್ಕಳು ಮುಂದೆ ನಿಲ್ಲಲಿ, ಅವರ ಎತ್ತರಕ್ಕೇ ಇದೆ ಅದು.