ಗಾಳಕ್ಕೆ ಮೊದಲು ನೀರು ನೋಡಬೇಕು

ಈ ವಿಡಿಯೊದಲ್ಲಿ ಈಗ ನಿಮ್ಮ ಮುಂದಿರುವುದು ನದಿಯ ಒಂದು ತಿರುವು. ಗಾಳದ ಕೋಲುಗಳು ಇನ್ನೂ ಚೀಲದಿಂದ ಹೊರಬಂದಿಲ್ಲ, ಆದರೂ ಮನೆಮಂದಿಯೆಲ್ಲ ದಡದಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದಾರೆ. ನೀರಿನ ನಡೆ ತಿಳಿಯದೆ ಕೋಲು ಬಿಚ್ಚಕೂಡದೆಂಬುದು ನನ್ನ ಅಪ್ಪನ ಕಟ್ಟಪ್ಪಣೆ. ನನ್ನ ಮಕ್ಕಳಿಗೆ ಇದು ಶಿಕ್ಷೆಯಂತೆ ತೋರುತ್ತದೆ, ಆದರೆ ಈ ವಿಷಯದಲ್ಲಿ ನಾನು ಅಪ್ಪನ ಪಕ್ಷ. ದುಬಾರಿ ರೀಲು ಕೊಡಿಸುವುದಕ್ಕಿಂತ ಮೀನು ಎಲ್ಲಿ ನಿಂತಿರಬಹುದೆಂದು ಊಹಿಸಲು ಕಲಿಸಿದರೆ ಮಕ್ಕಳಿಗೆ ಹೆಚ್ಚು ಪ್ರಯೋಜನವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ತಿರುವಿನ ಹೊರಬದಿಯಲ್ಲಿ ನೀರು ರಭಸದಿಂದ ಹರಿದು ದಡವನ್ನು ಕೊರೆಯುವುದರಿಂದ ಅಲ್ಲಿ ಮಡು ಬೀಳುತ್ತದೆ. ಒಳಬದಿಯಲ್ಲಿ ವೇಗ ತಗ್ಗಿ, ಹೊತ್ತು ತಂದ ಮರಳು ಕೆಳಗಿಳಿದು, ನೀರು ತೆಳುವಾಗುತ್ತದೆ. ಈ ಎರಡು ಹರಿವುಗಳ ನಡುವೆ ನೊರೆ, ತರಗೆಲೆ, ಕಸಕಡ್ಡಿಗಳು ಸಾಲಾಗಿ ತೇಲಿಹೋಗುತ್ತಿರುವುದನ್ನು ಗಮನಿಸಿ. ನಾವು ಹುಡುಕುತ್ತಿದ್ದುದು ಆ ಗೆರೆಯನ್ನೇ. ಹರಿವಿಗೆ ಎದುರಾಗಿ ಮುಖಮಾಡಿ ನಿಲ್ಲುವ ಮೀನು, ನಿಧಾನದ ನೀರಿನಲ್ಲಿ ಹೆಚ್ಚು ಶ್ರಮವಿಲ್ಲದೆ ಕಾದಿದ್ದು, ಪಕ್ಕದ ವೇಗದ ನೀರು ಹೊತ್ತು ತರುವ ಹುಳುಹುಪ್ಪಟೆಯನ್ನು ಚಕ್ಕನೆ ಹಿಡಿದು ಮತ್ತೆ ತನ್ನ ಸ್ಥಾನಕ್ಕೆ ಮರಳುತ್ತದೆ. ನೀರಿನ ನಡುವಿನ ಬಂಡೆಯ ಹಿಂಭಾಗವೂ ಇದೇ ಕಾರಣಕ್ಕೆ ಮೀನಿಗೆ ಪ್ರಿಯವಾದ ಜಾಗ.

ಮೀನು ಹಿಡಿಯುವಾಗ ಮಾತಾಡಬಾರದೆಂದು ಮಕ್ಕಳನ್ನು ಗದರುವವರನ್ನು ನೀವೂ ನೋಡಿರಬಹುದು. ಅದರ ಅಗತ್ಯ ಅಷ್ಟಾಗಿ ಇಲ್ಲ. ಗಾಳಿಯಲ್ಲಿ ಹುಟ್ಟಿದ ದನಿಯ ಬಹುಪಾಲು ನೀರಿನ ಮೇಲ್ಮೈಯಿಂದ ಹಿಂದಕ್ಕೆ ಪುಟಿಯುವುದರಿಂದ ನಮ್ಮ ಹರಟೆ ಮೀನನ್ನು ಹೆಚ್ಚು ಕಾಡುವುದಿಲ್ಲ. ಕಾಡುವುದು ಧಡಧಡನೆ ಓಡುವ ಹೆಜ್ಜೆ. ನೆಲದ ಕಂಪನ ನೇರವಾಗಿ ನೀರಿಗಿಳಿಯುತ್ತದೆ. ಮೀನಿನ ಒಳಕಿವಿ ಅದನ್ನು ಗ್ರಹಿಸಬಲ್ಲದು. ಅದಲ್ಲದೆ ಕಿವಿರಿನಿಂದ ಬಾಲದವರೆಗೆ ಎರಡೂ ಪಕ್ಕೆಗಳಲ್ಲಿ ಸಾಗುವ ಪಾರ್ಶ್ವರೇಖೆಯೆಂಬ ಅಂಗವು ಹತ್ತಿರದ ನೀರಿನ ಸಣ್ಣ ಚಲನೆಯನ್ನೂ ಅರಿಯುತ್ತದೆ. ಆದ್ದರಿಂದ ನಮ್ಮಲ್ಲಿ ನಿಯಮ ಒಂದೇ: ಎಷ್ಟು ಬೇಕಾದರೂ ಮಾತಾಡಿ, ಕುಣಿಯಬೇಡಿ.

ಮಗಳು ನಮ್ಮೆಲ್ಲರಿಗಿಂತ ನೀರಿಗೆ ಹತ್ತಿರ ಕುಳಿತಿದ್ದಾಳೆ, ಅದಕ್ಕೂ ಕಾರಣವಿದೆ. ಬೆಳಕಿನ ವಕ್ರೀಭವನದಿಂದಾಗಿ, ನೀರಿನೊಳಗಿನ ಮೀನಿಗೆ ಹೊರಗಿನ ಜಗತ್ತೆಲ್ಲ ತಲೆಯ ಮೇಲಿನ ಸುಮಾರು 97 ಡಿಗ್ರಿ ಅಗಲದ ವೃತ್ತಾಕಾರದ ಕಿಂಡಿಯಲ್ಲಿ ಮಾತ್ರ ಕಾಣುತ್ತದೆ, ದಡದ ತಗ್ಗಿನಲ್ಲಿರುವುದೆಲ್ಲ ಆ ಕಿಂಡಿಯ ಅಂಚಿಗೆ ಒತ್ತಿಕೊಂಡು ಮಸುಕಾಗುತ್ತದೆ. ಎತ್ತರದ ನಾನು ನಿಂತರೆ ಕಂಡುಬಿಡುತ್ತೇನೆ, ಕುಳಿತ ಪುಟ್ಟ ಹುಡುಗಿ ಸುಲಭಕ್ಕೆ ಕಾಣುವುದಿಲ್ಲ. ಅದೇ ವಕ್ರೀಭವನ ನಮ್ಮ ಕಣ್ಣನ್ನೂ ಮೋಸಗೊಳಿಸುತ್ತದೆ ಎಂಬುದನ್ನು ಮಾತ್ರ ಮಕ್ಕಳೊಂದಿಗೆ ಹೋಗುವವರು ಮರೆಯಬಾರದು. ನೇರವಾಗಿ ಮೇಲಿನಿಂದ ನೋಡಿದಾಗ 4 ಅಡಿ ಆಳದ ತಿಳಿನೀರು ಸುಮಾರು 3 ಅಡಿಯಂತೆ ತೋರುತ್ತದೆ. ಮಕ್ಕಳಿಬ್ಬರೂ ದಡದಲ್ಲಿದ್ದರೂ ಜೀವರಕ್ಷಕ ಜಾಕೆಟ್ ತೊಟ್ಟಿರುವುದು ಆ ಕಾರಣಕ್ಕೆ.

ಇನ್ನು ಸಲಕರಣೆ. ಕೋಲು, ನೈಲಾನ್ ದಾರ, ಬೆಂಡು, ಒಂದು ಸಣ್ಣ ತೂಕದ ಗುಂಡು, ಗಾಳ, ಎರೆಹುಳು, ಇಷ್ಟೇ. ನೈಲಾನನ್ನು ಮೊದಲು ತಯಾರಿಸಿದ್ದು 1935ರಲ್ಲಿ. ಅದಕ್ಕೆ ಮುಂಚೆ ರೇಷ್ಮೆಯ ಎಳೆ, ಕುದುರೆಯ ಬಾಲದ ಕೂದಲು ಹೊಸೆದು ಮೀನು ಹಿಡಿದವರ ತಾಳ್ಮೆಯನ್ನು, ಸಿಕ್ಕುಬಿದ್ದ ದಾರವನ್ನು ಬಿಡಿಸುವಾಗಲೆಲ್ಲ ನಾನು ನೆನೆಯುತ್ತೇನೆ. ಇಲ್ಲಿ ಅಮ್ಮ ಬೆಂಡನ್ನು ದಾರದ ಮೇಲೆ ಬೆರಳಿನಿಂದ ಇಷ್ಟಿಷ್ಟೇ ಸರಿಸುತ್ತಿದ್ದಾರೆ. ಬೆಂಡಿನಿಂದ ಗಾಳದವರೆಗಿನ ಉದ್ದವೇ ಹುಳು ಎಷ್ಟು ಆಳದಲ್ಲಿ ತೂಗಬೇಕೆಂಬುದನ್ನು ನಿರ್ಧರಿಸುತ್ತದೆ. ಬೆಂಡು ನೆಟ್ಟಗೆ ನಿಲ್ಲದೆ ಅಡ್ಡ ಮಲಗಿದರೆ ಗುಂಡು ತಳ ಮುಟ್ಟಿದೆಯೆಂದರ್ಥ. ಅಮ್ಮ ಎಳೆದುಕೊಂಡು ನಾಲ್ಕು ಬೆರಳಿನಷ್ಟು ಕೆಳಗೆ ಸರಿಸಿ ಮತ್ತೆ ಎಸೆದರು. ಈ ಬಾರಿ ಬೆಂಡು ನೆಟ್ಟಗೆ ನಿಂತು, ನೊರೆಯ ಗೆರೆಯ ಜೊತೆಯಲ್ಲೇ ತೇಲತೊಡಗಿತು.

ಬಿಸಿಲೇರಿದಂತೆ ಮಡುವಿನಲ್ಲಿ ಕಚ್ಚುವುದು ನಿಂತಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಗಾಳಿಯೊಂದಿಗೆ ಸಮತೋಲದಲ್ಲಿರುವ 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಆದ್ದರಿಂದ ಗಂಟುಮೂಟೆ ಕಟ್ಟಿಕೊಂಡು, ಕಲ್ಲುಗಳ ಮೇಲೆ ಉರುಳುತ್ತಾ ಗಾಳಿ ಬೆರೆಸಿಕೊಳ್ಳುವ ನೀರಿನ ಬಳಿಗೆ, ಮರದ ನೆರಳು ಬೀಳುವ ಜಾಗಕ್ಕೆ ಹೋದೆವು. ನಡಿಗೆಯ ದೃಶ್ಯಗಳನ್ನು ಕತ್ತರಿಸಿದ್ದೇನೆ, ಅದರಲ್ಲಿ ಮಗನ ದೂರುಗಳ ಹೊರತು ಏನೂ ಇರಲಿಲ್ಲ.

ಅಲ್ಲಿ ಮಗಳ ಬೆಂಡು ನಡುಗಿತು. "ತಾತ, ಎಳೀಲಾ?" ಎಂದಳು. "ಇರು ಪುಟ್ಟಿ, ಈಗ ಬರೀ ಕುಟುಕ್ತಾ ಇದೆ. ಬೆಂಡು ಪಕ್ಕಕ್ಕೆ ಸರೀಲಿ" ಎಂದರು ಅಪ್ಪ. ಒಂದೆರಡು ಸಲ ಕುಣಿದ ಬೆಂಡು ಓರೆಯಾಗಿ ಜಾರುತ್ತಾ ಮುಳುಗಿದೊಡನೆ ಅವಳು ಕೋಲೆತ್ತಿದಳು. ಬಂದದ್ದು ಅಂಗೈಯುದ್ದದ ಬೆಳ್ಳಿಮೈಯ ಮೀನು. ಎತ್ತಿಹಿಡಿದು ಚಿತ್ರ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಬಿಡಬೇಕೆಂದಿರುವ ಮೀನನ್ನು ಒಣಗೈಯಲ್ಲಿ ಮುಟ್ಟಿದರೆ ಸೋಂಕಿನಿಂದ ಅದನ್ನು ಕಾಯುವ ಲೋಳೆಯ ಪದರ ಕಿತ್ತುಬರುತ್ತದೆ. ಮಗಳು ಮೊದಲು ಕೈ ಒದ್ದೆಮಾಡಿಕೊಂಡಳು. ಗಾಳದ ಹಿಮ್ಮುಳ್ಳನ್ನು ಬೆಳಿಗ್ಗೆಯೇ ಇಕ್ಕಳದಿಂದ ಒತ್ತಿ ಮಡಿಚಿದ್ದೆವು, ಹಾಗಾಗಿ ಅದು ತುಟಿಯಿಂದ ಸಲೀಸಾಗಿ ಬಿಟ್ಟುಕೊಂಡಿತು. ಹರಿವಿಗೆ ಎದುರಾಗಿ ನೀರಿನಲ್ಲಿ ಹಿಡಿದಾಗ ಮೀನಿನ ಕಿವಿರು ನಾಲ್ಕಾರು ಬಾರಿ ತೆರೆದು ಮುಚ್ಚಿತು. ನಂತರ ಬಾಲದ ಒಂದೇ ಹೊಡೆತ, ಮಗಳ ಮುಖದ ತುಂಬ ನೀರು.

ಹೊರಡುವ ಮುನ್ನ ಅಮ್ಮ ಕತ್ತರಿಸಿದ ದಾರದ ಚೂರುಗಳನ್ನು ಒಂದೂ ಬಿಡದೆ ಡಬ್ಬಕ್ಕೆ ತುಂಬಿಸಿದರು. ನೈಲಾನ್ ಸುಲಭಕ್ಕೆ ಕೊಳೆಯುವುದಿಲ್ಲ, ಹಕ್ಕಿಗಳ ಕಾಲಿಗೆ ಉರುಳಾಗುತ್ತದೆ. ಇತರರು ಬಿಟ್ಟುಹೋದದ್ದನ್ನೂ ಆರಿಸಿದ್ದರಿಂದ ಡಬ್ಬ ಬಹಳ ಬೇಗ ತುಂಬಿತು. ಉಳಿದ ಎರೆಹುಳುಗಳನ್ನು ನದಿಯ ದಡದಲ್ಲಿ ಸುರಿಯುವುದು ಸರಿಯಲ್ಲ, ಹೊರಗಿನ ಜಾತಿಯ ಹುಳುಗಳು ಹೊಸ ನೆಲದಲ್ಲಿ ಬೇರೂರಬಹುದು. ಅವನ್ನು ಅಗೆದು ತೆಗೆದ ಮಣ್ಣಿಗೇ ಮರಳಿಸುತ್ತೇನೆಂದು ಮಗ ವಹಿಸಿಕೊಂಡಿದ್ದಾನೆ. ಆ ಹುಳುಗಳ ಡಬ್ಬ ಕಾರಿನಲ್ಲಿ ಯಾರ ಕಾಲಬುಡದಲ್ಲಿರಬೇಕೆಂಬ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ.